ಶನಿವಾರದ ಹೋಟೆಲು

ಇಂಡಿ
8 ಸೆಪ್ಟೆಂಬರ್ 2024

ಅನಿಲಕುಮಾರ ಸರ್ ಅವರಿಗೆ ಭುವನೇಶ್ವರಿಯ ಶರಣು ಶರಣಾರ್ಥಿ.

ನಾನು ಸಿದ್ದಲಿಂಗ ಮಾಸ್ತರರ ಹೆಂಡತಿ. ಹೋದ ಡಿಸೆಂಬರ್‌ನಲ್ಲಿ ಅವರನ್ನು ಬಾಗೇವಾಡಿಯಿಂದ ಅಂಬುಲೆನ್ಸಿನಲ್ಲಿ ನೀವೇ ಕೂತು ತಂದು ನಮ್ಮ ಅಂಗಳದಲ್ಲಿ ಇಳಿಸಿದಿರಿ. ಆ ದಿನ ನಿಮ್ಮ ಜೊತೆ ಒಂದು ಮಾತೂ ಆಡಲಾಗಲಿಲ್ಲ. ನಾನು ಯಾವ ಸ್ಥಿತಿಯಲ್ಲಿದ್ದೆ ಎಂದು ನಿಮಗೆ ಗೊತ್ತೇ ಇದೆ. ಜೂನ್‌ನಲ್ಲಿ ನಿಮಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತೆಂದು ಅವರ ಶಾಲೆಯವರು ಹೇಳಿದರು, ಈ ವಿಳಾಸವನ್ನೂ ಅವರೇ ಕೊಟ್ಟರು.

ಈ ಕಾಲದಲ್ಲಿ ಕಾಗದವೇ ಎಂದುಕೊಳ್ಳಬೇಡಿ. ನಮ್ಮದು ತುಂಬಿದ ಮನೆ. ನನ್ನ ಫೋನು ನನ್ನ ಕೈಯಲ್ಲಿರುವುದಕ್ಕಿಂತ ಮೈದುನನ ಮಕ್ಕಳ ಕೈಯಲ್ಲಿರುವುದೇ ಹೆಚ್ಚು. ಗಂಡ ಸತ್ತು ವರ್ಷ ತುಂಬುವುದರೊಳಗೆ ಪರಗಂಡಸಿಗೆ ಮೆಸೇಜು ಕಳಿಸಿದಳು ಅನ್ನಿಸಿಕೊಳ್ಳುವ ಧೈರ್ಯ ನನಗಿಲ್ಲ. ಕಾಗದವನ್ನಾದರೆ ನಮ್ಮ ಮನೆಯಲ್ಲಿ ಯಾರೂ ಒಡೆಯುವುದಿಲ್ಲ. ಬ್ಯಾಂಕಿನದೋ ಪೆನ್ಶನ್ನಿನದೋ ಇರಬೇಕು ಎಂದು ಸುಮ್ಮನಾಗುತ್ತಾರೆ.

ವಿಷಯ ಕೇಳಿ ನಗಬೇಡಿ. ಡಿಸೆಂಬರ್ ಹದಿನಾಲ್ಕಕ್ಕೆ ಅವರ ಮೊದಲ ವರ್ಷದ ಪುಣ್ಯಸ್ಮರಣೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಫೋಟೋದ ಮುಂದೆ ಎಡೆ ಇಡಬೇಕು. ನಮ್ಮ ಅತ್ತೆ ಇಂದುಬಾಯಿಯವರು ಈಗಿನಿಂದಲೇ ಶುರು ಮಾಡಿದ್ದಾರೆ: "ಮೊದಲನೇ ವರ್ಷದ ಎಡಿಯೊಳಗ ಒಂದು ಕಡಿಮಿ ಬಿದ್ರೂ ಜೀವ ಹೊಸ್ತಲದಾಗ ನಿಂತಿರತೈತಿ." ಮಾದಲಿ, ಎಣ್ಣೆಗಾಯಿ, ಕಡಬು ಎಲ್ಲ ನನಗೆ ಗೊತ್ತು. ಗೊತ್ತಿಲ್ಲದ್ದು ಒಂದೇ, ಬಾಗೇವಾಡಿಯ ಆ ಹೋಟೆಲಿನ ಸ್ಯಾಂಡ್‌ವಿಚ್.

ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿಸಿ, ಅದನ್ನು ತಿಂದೇ ಇಂಡಿ ಬಸ್ಸು ಹತ್ತುತ್ತಿದ್ದರು. ವಾರವಿಡೀ ಬಾಗೇವಾಡಿಯ ರೂಮಿನಲ್ಲಿ ಇದ್ದು, ಶನಿವಾರ ಒಮ್ಮೆ ಮನೆಗೆ ಬರುವ ಗಂಡ ಹೊಟ್ಟೆ ತುಂಬಿಸಿಕೊಂಡು ಬಂದರೆ ಹೆಂಡತಿಗೆ ಹೇಗಾಗಬೇಡ? ಸಿಟ್ಟಿಗೆದ್ದು ಸ್ಯಾಂಡ್‌ವಿಚ್ ಮಶೀನನ್ನೇ ಕೊಂಡು ತಂದೆ. ಬಟಾಟೆ ಹಾಕಿ ಮಾಡಿದೆ, ಸೌತೆಕಾಯಿ ಹಾಕಿ ಮಾಡಿದೆ, ಪನೀರನ್ನೂ ಹಾಕಿದೆ. ಒಂದು ತುತ್ತು ತಿಂದು, "ಚಲೋ ಆಗೇತಿ ಭುವನಾ, ಆದ್ರ ಅದಲ್ಲ ನೋಡು" ಅನ್ನುತ್ತಿದ್ದರು. ಆ ಬ್ರೆಡ್ಡಿನ ಮೇಲೆ ದುಂಡನೆಯ ಬಿಳಿ ಗೆರೆಯೊಂದು ಇರುತ್ತಿತ್ತಂತೆ. ನನ್ನ ಮಶೀನಿನಲ್ಲಿ ಬರುವುದು ಅಡ್ಡಗೆರೆ.

ನೀವು ಅವರ ಜೀವದ ಗೆಳೆಯ. ಜೊತೆಗೆ ತಿಂದಿರಲೇಬೇಕು. ಆ ಹೋಟೆಲು ಯಾವುದು, ಅದರೊಳಗೆ ಏನೇನು ಹಾಕುತ್ತಿದ್ದರು ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಇದೊಂದರಲ್ಲಿ ನಾನು ಸೋಲಬಾರದು.

ಭುವನೇಶ್ವರಿ


ಮುದ್ದೇಬಿಹಾಳ
19 ಸೆಪ್ಟೆಂಬರ್ 2024

ಭುವನೇಶ್ವರಿ ವೈನಿಯವರಿಗೆ ಅನಿಲಕುಮಾರನ ನಮಸ್ಕಾರಗಳು.

ನಿಮ್ಮ ಕಾಗದವನ್ನು ಶಾಲೆಯ ಸಿಪಾಯಿ ತರಗತಿಗೇ ತಂದುಕೊಟ್ಟ. ಓದಿದ ಮೇಲೆ ಪಾಠ ಮುಂದುವರಿಸಲು ಆಗಲಿಲ್ಲ. ಮಕ್ಕಳಿಗೆ ಓದಿಕೊಳ್ಳಿ ಎಂದು ಹೇಳಿ ಕಿಟಕಿಯ ಹತ್ತಿರ ನಿಂತೆ. ಉತ್ತರ ತಡವಾದದ್ದಕ್ಕೆ ಕ್ಷಮಿಸಿ.

ಹೋಟೆಲು ಎಂದೇ ಹೇಳಿದ್ದನೇ ಸಿದ್ದು? ಬೇರೆ ಏನಾದರೂ ಹೆಸರು ಹೇಳಿದ್ದು ನೆನಪಿದೆಯೇ? ಸುಮ್ಮನೆ ಕೇಳುತ್ತಿದ್ದೇನೆ.

ಅದು ಈಗ ಬಾಗೇವಾಡಿಯಲ್ಲಿ ಇಲ್ಲ. ನಡೆಸುತ್ತಿದ್ದವರು ಊರು ಬಿಟ್ಟಿದ್ದಾರೆ. ಬೋರ್ಡು ಅಂತೂ ಯಾವತ್ತೂ ಇರಲಿಲ್ಲ, ಹಾಗಾಗಿ ಹೆಸರು ಹೇಳಲಾರೆ. ಮಶೀನನ್ನು ತೆಗೆದಿಡಿ. ಅವರು ಕಬ್ಬಿಣದ ಹಂಚಿನ ಮೇಲೆ ಬ್ರೆಡ್ ಇಟ್ಟು, ಮೇಲೆ ಭಾರ ಹೇರಿ ಸುಡುತ್ತಿದ್ದರು. ಬೆಣ್ಣೆ ಮನೆಯದಿರಬೇಕು, ಅಂಗಡಿಯದಲ್ಲ. ಉಳ್ಳಾಗಡ್ಡಿಯನ್ನು ಹಸಿಯಾಗಿಯೇ ಹಾಕಬೇಕು. ಪನೀರು ಗಿನೀರು ಏನೂ ಇರಲಿಲ್ಲ.

ಆ ಹೋಟೆಲಿನ ಬಗ್ಗೆ ಸಿದ್ದು ಮನೆಯಲ್ಲಿ ಮತ್ತೇನು ಹೇಳುತ್ತಿದ್ದ? ನೆನಪಿದ್ದಷ್ಟನ್ನು ಬರೆಯಿರಿ. ಅವನ ಮಾತು ಕೇಳಿ ಬಹಳ ದಿನವಾಯಿತು.

ನಿಮ್ಮ
ಅನಿಲಕುಮಾರ


ಇಂಡಿ
2 ಅಕ್ಟೋಬರ್ 2024

ಅನಿಲಣ್ಣನವರಿಗೆ ಶರಣು.

ಅಣ್ಣನ ಹೆಂಡತಿಯನ್ನು ಕರೆದ ಹಾಗೆ ವೈನಿ ಎಂದು ಕರೆದಿರಿ, ಅದಕ್ಕೇ ನಾನೂ ಅಣ್ಣ ಎಂದು ಬರೆದೆ. ಅವರು ಹೋದ ಮೇಲೆ ಅವರ ಕಡೆಯಿಂದ ನನ್ನನ್ನು ಹಾಗೆ ಕರೆದವರು ನೀವೊಬ್ಬರೇ.

ಹಂಚಿನ ಮೇಲೆ ಮಾಡಿದೆ. ಮೇಲೆ ಭಾರಕ್ಕೆಂದು ಕುಟ್ಟಾಣಿಯ ಒನಕೆಯನ್ನಿಟ್ಟೆ. ಬ್ರೆಡ್ಡು ನಡುವೆ ಜಜ್ಜಿಹೋಯಿತು, ಗೆರೆ ಬರಲಿಲ್ಲ. ಮೊದಲಿಗಿಂತ ವಾಸಿ ಅನ್ನಿಸಿತು, ಆದರೆ ಹುಳಿ ಸಿಗುತ್ತಿಲ್ಲ. "ಅದರಾಗ ಒಂದು ಥರಾ ಹುಳಿ ಇರತೈತಿ ಭುವನಾ, ನಾಲಿಗಿ ಚುರ್ ಅಂತೈತಿ" ಎಂದು ಅವರು ಹೇಳುತ್ತಿದ್ದರು. ಹುಣಸೆ ಹಾಕಿದೆ, ಆಮಚೂರು ಹಾಕಿದೆ, ಟೊಮ್ಯಾಟೊ ಸಾಸನ್ನೂ ಹಾಕಿದೆ. ಮಗಳು ಐಶ್ವರ್ಯ ತಿಂದು, "ಅವ್ವಾ, ಇದನ್ನ ಎಡಿಗೆ ಇಟ್ರ ಅಪ್ಪ ಎದ್ದು ಬಂದು ಬೈತಾರ" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೋಟೆಲಿನ ಬಗ್ಗೆ ಕೇಳಿದ್ದೀರಿ. ಅವರ ಬಾಯಿಯಲ್ಲಿ ಅದರದೇ ಪುರಾಣ ಇರುತ್ತಿತ್ತು. ಬಹಳ ಸ್ವಚ್ಛವಂತೆ. ಗೋಡೆಯ ಮೇಲೆ ಬುದ್ಧನ ಫೋಟೋ ಇತ್ತಂತೆ, "ಒಳಗ ಹೋದ್ರ ಮನಸ್ಸು ತಣ್ಣಗ ಆಗತೈತಿ" ಅನ್ನುತ್ತಿದ್ದರು. ಮಾಲೀಕನಿಗೆ ವಾದ ಮಾಡುವ ಚಟವಂತೆ. ಎಲೆಕ್ಷನ್ನಿನಿಂದ ಹಿಡಿದು ಏಳನೆಯ ವೇತನ ಆಯೋಗದವರೆಗೆ ಯಾವುದನ್ನೂ ಬಿಡುತ್ತಿರಲಿಲ್ಲವಂತೆ. ಮಾಲೀಕನ ಮಗಳಿಗೆ ಇವರೇ ವ್ಯಾಕರಣ ಹೇಳಿಕೊಡುತ್ತಿದ್ದರಂತೆ. ಕುಡಿಯಲು ಬೆಚ್ಚಗಿನ ನೀರು ಕೊಡುತ್ತಿದ್ದರಂತೆ, ಎಂಥ ಹೋಟೆಲಿನಲ್ಲಿ ಅದೆಲ್ಲ ಸಿಗುತ್ತದೆ ಹೇಳಿ? ಮಾಡುವಾಕೆ ಎರಡನೆಯದನ್ನು ತಿನ್ನದೆ ಏಳಗೊಡುತ್ತಿರಲಿಲ್ಲವಂತೆ.

ಅಣ್ಣಾ, ಆ ಮಾಡುವಾಕೆ ಯಾರು? ಕೇಳುವುದಕ್ಕೆ ಕೆಟ್ಟ ಅನ್ನಿಸುತ್ತದೆ, ಆದರೂ ಕೇಳುತ್ತಿದ್ದೇನೆ. ಒಂದು ಶ್ರಾವಣದಲ್ಲಿ ಬಸವಣ್ಣನ ಗುಡಿಗೆಂದು ನಾನೂ ಬಾಗೇವಾಡಿಗೆ ಬಂದಿದ್ದೆ. ಆ ಹೋಟೆಲಿಗೆ ಕರೆದುಕೊಂಡು ಹೋಗಿ ಎಂದು ಗಂಟು ಬಿದ್ದೆ. "ಇವತ್ತು ಬಂದ್ ಐತಿ" ಎಂದರು. ಬಸ್‌ಸ್ಟ್ಯಾಂಡಿನ ಬಿಸಿಲಿನಲ್ಲಿ ನಿಲ್ಲಿಸಿ ಬಿಸ್ಕೀಟಿನ ಪುಡಿಕೆ ಕೊಡಿಸಿದರು. ನನ್ನ ಮುಖ ನೋಡಿ ಮಾತಾಡಲಿಲ್ಲ. ಆವತ್ತಿನಿಂದ ಹೊಟ್ಟೆಯೊಳಗೆ ಒಂದು ಮುಳ್ಳು ಕೂತಿದೆ.

ನೀವು ಸ್ಟಾಫ್ ರೂಮಿನಲ್ಲಿ ನನ್ನ ಲಿಂಬೆಕಾಯಿ ಉಪ್ಪಿನಕಾಯಿ ತಿಂದಿರಬೇಕು. ಪ್ರತಿ ವರ್ಷ ದೊಡ್ಡ ಬಾಟಲಿ ತುಂಬಿಸಿಕೊಂಡು ಒಯ್ಯುತ್ತಿದ್ದರು. ಆ ಋಣಕ್ಕಾದರೂ ನಿಜ ಹೇಳಿ.

ಭುವನೇಶ್ವರಿ


ಮುದ್ದೇಬಿಹಾಳ
15 ಅಕ್ಟೋಬರ್ 2024

ವೈನಿಯವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಹಲವು ಸಲ ಓದಿದೆ. ಸಿದ್ದು ಎಷ್ಟು ಚೆನ್ನಾಗಿ ವರ್ಣಿಸಿದ್ದಾನೆ. ಕನ್ನಡ ಮಾಸ್ತರನಲ್ಲವೇ, ವರ್ಣನೆಯಲ್ಲಿ ಅವನನ್ನು ಮೀರಿಸುವವರು ಯಾರಿದ್ದರು? ಬೆಚ್ಚಗಿನ ನೀರನ್ನು ಬಿಟ್ಟಿಲ್ಲ, ಬುದ್ಧನ ಫೋಟೋವನ್ನು ಬಿಟ್ಟಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಫೋಟೋ ಇತ್ತು. ಬುದ್ಧನದಕ್ಕಿಂತ ದೊಡ್ಡದು, ಬಾಗಿಲಿಗೆ ಬಂದವರಿಗೆ ಮೊದಲು ಕಾಣುವುದೇ ಅದು. ಅದನ್ನು ಮಾತ್ರ ನಿಮಗೆ ಹೇಳಿಲ್ಲ ಎಂದು ಕಾಣುತ್ತದೆ.

ಮಾಡುತ್ತಿದ್ದಾಕೆ ಗಂಡ ಮಕ್ಕಳಿರುವ ಮರ್ಯಾದಸ್ಥ ಹೆಣ್ಣುಮಗಳು. ನಿಮ್ಮ ಅನುಮಾನ ಅವಳ ಕಿವಿಗೆ ಬಿದ್ದರೆ ಬೇಜಾರು ಮಾಡಿಕೊಳ್ಳುತ್ತಾಳೆ. ಆ ಮುಳ್ಳನ್ನು ಕಿತ್ತು ಹಾಕಿ. ಇಷ್ಟನ್ನು ನನ್ನ ಮಾತಿನ ಮೇಲೆ ನಂಬಬೇಕು.

ಒಳಗೆ ಹಚ್ಚುತ್ತಿದ್ದದ್ದು ಮನೆಯಲ್ಲೇ ಕುಟ್ಟಿದ ಗುರೆಳ್ಳಿನ ಹಿಂಡಿ, ಖಾರದ ಪುಡಿ. ಅಂಗಡಿಯ ಸಾಸಲ್ಲ. ಹಿಂಡಿಯನ್ನು ಗಟ್ಟಿ ಮೊಸರಿನಲ್ಲಿ ಕಲಸಿ, ಬೆಣ್ಣೆ ಸವರಿದ ಬ್ರೆಡ್ಡಿಗೆ ದಪ್ಪಗೆ ಹಚ್ಚಿ, ಮೇಲೆ ಉಳ್ಳಾಗಡ್ಡಿ ಮತ್ತು ಎಳೆ ಸೌತೆಕಾಯಿ. ಹುಳಿಯ ವಿಷಯ ನನಗೆ ಗೊತ್ತು, ಆದರೆ ಈಗ ಬರೆಯಲಾರೆ. ಗೆರೆಯ ವಿಷಯವೂ ಅಷ್ಟೇ.

ನಿಮ್ಮ ಕಾಗದಗಳನ್ನು ನನ್ನ ಹೆಂಡತಿ ಸುವರ್ಣಾಳಿಗೆ ಇನ್ನೂ ತೋರಿಸಿಲ್ಲ. ಶಾಲೆಯ ಕಪಾಟಿನಲ್ಲೇ ಇಟ್ಟಿದ್ದೇನೆ.

ಒಂದು ಕೇಳಲೇ? ಇಷ್ಟು ವರ್ಷಗಳಲ್ಲಿ ಸಿದ್ದು ನನ್ನನ್ನು ಇಂಡಿಗೆ ಊಟಕ್ಕೆ ಕರೆಯುವ ಮಾತನ್ನು ನಿಮ್ಮ ಮನೆಯಲ್ಲಿ ಒಮ್ಮೆಯಾದರೂ ಎತ್ತಿದ್ದನೇ?

ಅನಿಲಕುಮಾರ


ಇಂಡಿ
3 ನವೆಂಬರ್ 2024

ಅನಿಲಣ್ಣಾ,

ನೀವು ಕೇಳಿದ್ದಕ್ಕೆ ಆಮೇಲೆ ಉತ್ತರ ಕೊಡುತ್ತೇನೆ. ಮೊದಲು ನಾನು ಮಾಡಿಕೊಂಡು ಬಂದದ್ದನ್ನು ಕೇಳಿ.

ಗುಡಿಗೆ ಹರಕೆಯಿದೆ ಎಂದು ಅತ್ತೆಗೆ ಹೇಳಿ ಬಾಗೇವಾಡಿಗೆ ಹೋದೆ. ಬಸ್‌ಸ್ಟ್ಯಾಂಡಿನಿಂದ ಶಾಲೆಯವರೆಗೆ ಒಂದು ಹೋಟೆಲನ್ನೂ ಬಿಡದೆ ಕೇಳಿದೆ. ದುಂಡು ಗೆರೆಯ ಸ್ಯಾಂಡ್‌ವಿಚ್ ಅಂದರೆ ನನ್ನನ್ನೇ ಮೇಲೆ ಕೆಳಗೆ ನೋಡಿದರು. ಕೊನೆಗೆ ಶಾಲೆಯ ಎದುರಿನ ಚಹಾದ ಅಂಗಡಿಯ ಫಕೀರಸಾಬರನ್ನು ಕೇಳಿದೆ. ಇವರ ಹೆಸರು ಹೇಳುತ್ತಲೇ ಮುದುಕ ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟರು.

"ಸಿದ್ದಲಿಂಗ ಸರ್ ಹೋಟೆಲಿಗೆ ಹೋದವ್ರಲ್ರಿ ಅಕ್ಕಾರ. ನನ್ನ ಚಾ ಬಿಟ್ರ ಹೊರಗಿಂದು ಏನೂ ಮುಟ್ಟತಿದ್ದಿಲ್ಲ."

"ಶನಿವಾರ ಎಲ್ಲಿ ತಿಂತಿದ್ರು ಹಂಗಾದ್ರ?"

"ಶನಿವಾರ ಸಾಲಿ ಬಿಟ್ಟ ಕೂಡ್ಲೆ ಆ ಓಣ್ಯಾಗ ಹೋಗತಿದ್ರು. ತಾಸೊತ್ತು ಬಿಟ್ಟು ಬಂದು ಬಸ್ಸು ಹಿಡೀತಿದ್ರು" ಎಂದು ಕೈ ತೋರಿಸಿದವರು, ನನ್ನ ಬರಿಗೊರಳು ನೋಡಿ ಬಾಯಿ ಮುಚ್ಚಿಕೊಂಡರು. ಯಾರ ಮನೆ ಎಂದು ಎಷ್ಟು ಕೇಳಿದರೂ, "ನಂಗ ಗೊತ್ತಿಲ್ರಿ, ಚಾ ಕುಡೀರಿ" ಎಂಬುದೊಂದೇ ಮಾತು.

ಓಣಿಯ ಬಾಯಿಯವರೆಗೆ ಹೋದೆ. ಒಳಗೆ ಕಾಲಿಡಲಾಗಲಿಲ್ಲ. ಯಾವುದೋ ಬಾಗಿಲಲ್ಲಿ ಅವರ ಮೂಗು ಹೊತ್ತ ಕೂಸು ಆಡುತ್ತಿದ್ದರೆ ನಾನು ಏನು ಮಾಡಬೇಕಿತ್ತು? ತಿರುಗಿ ಬಂದು ಬಸ್ಸು ಹತ್ತಿದೆ. ವಿಜಯಪುರ ದಾಟುವವರೆಗೂ ಅಳುತ್ತಲೇ ಇದ್ದೆ.

ಹೋಟೆಲು ಇರಲೇ ಇಲ್ಲ. ಇದ್ದದ್ದು ಮನೆ. ನಿಮಗೆ ಎಲ್ಲ ಗೊತ್ತಿದ್ದು, ಗಂಡ ಮಕ್ಕಳಿರುವವಳು, ಮರ್ಯಾದಸ್ಥಳು ಎಂದು ನನಗೆ ಗುರೆಳ್ಳು ಹಿಂಡಿಯ ಲೆಕ್ಕ ಹೇಳುತ್ತಿದ್ದೀರಿ. ಗೆಳೆಯನ ಮಾನ ಕಾಯುತ್ತಿದ್ದೀರಿ, ಸರಿ. ನನ್ನದನ್ನು ಯಾರು ಕಾಯಬೇಕು? ಯಾರ ಮನೆ ಅದು? ನನಗೆ ಹೆಸರು ಬೇಕು. ಕೂಗಾಡುವುದಿಲ್ಲ, ಯಾರ ಬಾಗಿಲಿಗೂ ಹೋಗಿ ನಿಲ್ಲುವುದಿಲ್ಲ. ಐಶ್ವರ್ಯಳ ಆಣೆ.

ಭುವನೇಶ್ವರಿ


ಮುದ್ದೇಬಿಹಾಳ
12 ನವೆಂಬರ್ 2024

ವೈನಿ,

ಆ ಹೋಟೆಲು ನಮ್ಮ ಮನೆ.

ಆ ಓಣಿಯೊಳಗೆ ನೀವು ಕಾಲಿಟ್ಟಿದ್ದರೆ, ನೀಲಿ ಬಾಗಿಲಿನ ಬಾಡಿಗೆ ಮನೆ ಕಾಣುತ್ತಿತ್ತು. ಈಗ ಅದರಲ್ಲಿ ಬೇರೆಯವರಿದ್ದಾರೆ. ವಾದ ಮಾಡುವ ಚಟದ ಮಾಲೀಕ ನಾನು. ವ್ಯಾಕರಣ ಕಲಿತವಳು ನನ್ನ ಮಗಳು ಸಾಕ್ಷಿ. ಎರಡನೆಯದನ್ನು ತಿನ್ನದೆ ಏಳಗೊಡದವಳು ಸುವರ್ಣಾ. ಬುದ್ಧನ ಪಕ್ಕದಲ್ಲಿದ್ದದ್ದು ಬಾಬಾಸಾಹೇಬರ ಫೋಟೋ. ಅದೊಂದನ್ನು ಹೇಳಿದ್ದರೆ ಅದು ಯಾರ ಮನೆ, ಯಾವ ಓಣಿ ಎಂದು ನಿಮ್ಮ ಮನೆಯವರಿಗೆಲ್ಲ ತಿಳಿದುಬಿಡುತ್ತಿತ್ತು. ಅದಕ್ಕೇ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ್ದಾನೆ.

ಮೊದಲ ಸಲ ಅವನು ಬಂದಾಗ ಸಾಕ್ಷಿಗೆ ಜ್ವರ. ಅವಳಿಗೆಂದು ತಂದ ಬ್ರೆಡ್ಡು ಬಿಟ್ಟರೆ ಮನೆಯಲ್ಲಿ ಏನೂ ಇರಲಿಲ್ಲ. ಮನೆಗೆ ಬಂದ ಮಾಸ್ತರರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದೆಂದು ಸುವರ್ಣಾ ಅದಕ್ಕೇ ಹಿಂಡಿ ಮೊಸರು ಹಚ್ಚಿ ಹಂಚಿನ ಮೇಲೆ ಹಾಕಿದಳು. ಒತ್ತಲು ಏನೂ ಸಿಗದೆ ನೀರು ತುಂಬಿದ ತಾಮ್ರದ ತಂಬಿಗೆಯನ್ನೇ ಮೇಲಿಟ್ಟಳು. ತಂಬಿಗೆಯ ತಳದ ಅಂಚು ಬ್ರೆಡ್ಡಿನಲ್ಲಿ ಇಳಿಯುತ್ತದೆ, ಮಗುಚಿ ಹಾಕಿದಾಗ ಅಷ್ಟು ಭಾಗ ಹಂಚಿಗೆ ತಾಗದೆ ಬೆಳ್ಳಗೆ ಉಳಿಯುತ್ತದೆ. ನೀವು ಹುಡುಕಿದ ಗೆರೆ ಇದೇ. ತಿಂದಾದ ಮೇಲೆ ಸಿದ್ದು ಅದೇ ತಂಬಿಗೆಯನ್ನು ಎತ್ತಿ, ಒಳಗೆ ಬೆಚ್ಚಗಾಗಿದ್ದ ನೀರು ಕುಡಿದ. "ತಂಗೆವ್ವಾ, ಮುಂದಿನ ಶನಿವಾರನೂ ಇದನ್ನ ಮಾಡು" ಅಂದ. ನಮ್ಮ ಜಾತಿ ಗೊತ್ತಿದ್ದೇ ಬಂದ, ಗೊತ್ತಿದ್ದೇ ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತ. ಆ ದಿನ ಅವನು ಹೋದ ಮೇಲೆ ಸುವರ್ಣಾ ತಂಬಿಗೆ ಹಿಡಿದುಕೊಂಡು ಅತ್ತಳು.

ಹುಳಿ ನಿಮ್ಮದೇ ವೈನಿ. ಸ್ಟಾಫ್ ರೂಮಿಗೆಂದು ನೀವು ಕೊಡುತ್ತಿದ್ದ ಬಾಟಲಿ ಸೀದಾ ನಮ್ಮ ಮನೆಗೆ ಬರುತ್ತಿತ್ತು. ಆ ಉಪ್ಪಿನಕಾಯಿಯ ರಸವನ್ನೇ ಸುವರ್ಣಾ ಹಿಂಡಿಗೆ ಕಲಸುತ್ತಿದ್ದಳು. ನಿಮ್ಮ ಮಶೀನಿನ ಮುಂದೆ ಕೂತು ಅವನು ಹುಡುಕುತ್ತಿದ್ದದ್ದು ನಿಮ್ಮ ಕೈರುಚಿಯನ್ನೇ.

ಇಷ್ಟು ಹೇಳಿ ಮುಗಿಸಬಹುದಿತ್ತು. ಮುಗಿಸಲು ಮನಸ್ಸಿಲ್ಲ. ಯಂಕಂಚಿಯಲ್ಲಿ ನನ್ನ ಅಪ್ಪ ಬಸಣ್ಣ ಇದ್ದಾನೆ, ಹಳೆಯ ಕಾಲದವನು. ಸಿದ್ದು ನಮ್ಮ ಮನೆಯಲ್ಲಿ ಉಣ್ಣುತ್ತಾನೆ ಎಂದು ನಾನು ಎದೆಯುಬ್ಬಿಸಿ ಹೇಳಿದಾಗ ಅವನು ಅಂದದ್ದು ಒಂದೇ ಮಾತು: "ಅವ್ರ ಮನ್ಯಾಗ ನೀ ಉಂಡ ದಿನಾ ಬಂದು ಹೇಳು, ಆವಾಗ ದೋಸ್ತ ಅಂತೇನಿ." ಅಪ್ಪನ ಜೊತೆ ಜಗಳ ಆಡಿದೆ. ನಿನಗೆ ಕಾಲ ಬದಲಾದದ್ದೇ ಗೊತ್ತಿಲ್ಲ ಎಂದೆ. ಇಂಡಿಗೆ ಬರುತ್ತೇನೆಂದಾಗಲೆಲ್ಲ ಸಿದ್ದು, "ಮನಿ ರಿಪೇರಿ ನಡದೈತಿ", "ಅವ್ವಗ ಆರಾಮಿಲ್ಲ" ಅನ್ನುತ್ತಿದ್ದ. ನಂಬಿದೆ. ಅವನ ಹೆಣ ತಂದ ದಿನ ನಿಮ್ಮ ಅಂಗಳದಲ್ಲಿ ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಚಹಾ ಬಂತು, ಗೇಟಿನ ಹತ್ತಿರ ನಿಂತ ನನಗೆ ಕಾಗದದ ಕಪ್ಪಿನಲ್ಲಿ. ಸಿದ್ದು ಇದ್ದಿದ್ದರೆ ಹೀಗಾಗಗೊಡುತ್ತಿರಲಿಲ್ಲ ಎಂದುಕೊಂಡು ಕುಡಿದೆ. ನಿಮ್ಮ ಮೊದಲ ಕಾಗದ ಬರುವವರೆಗೂ ಹಾಗೆಯೇ ಅಂದುಕೊಂಡಿದ್ದೆ.

ನಿನ್ನೆ ಎಲ್ಲ ಕಾಗದಗಳನ್ನೂ ಮನೆಗೆ ಒಯ್ದು ಓದಿ ಹೇಳಿದೆ. ಸಾಕ್ಷಿ, "ಹೋಟೆಲ್ ಇದ್ರ ನಾವು ಬಿಲ್ ಯಾಕ ಕೊಡಲಿಲ್ಲಪ್ಪಾ ಮಾಮಾಗ?" ಎಂದು ಕೇಳಿ ಎದ್ದು ಹೋದಳು. ಸುವರ್ಣಾ, "ಹೋಟೆಲ್ ಅಂದಿದ್ದು ಸುಳ್ಳಿರಬೋದು, ಉಂಡಿದ್ದು ಸುಳ್ಳಲ್ಲಲ್ರಿ" ಎಂದಳು. ನಿಮಗೆ ಬಾರದಿದ್ದರೆ ಇಂಡಿಗೆ ತಾನೇ ಬಂದು ಮಾಡಿಕೊಡುತ್ತಾಳಂತೆ.

ನನ್ನದು ಒಂದೇ ಮಾತು. ಸಿದ್ದುವಿನ ಎಡೆಗೆ ಅದನ್ನು ಇಡುವುದಾದರೆ, ಯಾರ ಮನೆಯದೆಂದು ಎಲ್ಲರೆದುರು ಹೇಳಿ ಇಡಿ. ಹೇಳಲಾಗದಿದ್ದರೆ ಇಡಬೇಡಿ. ಬದುಕಿದ್ದಾಗ ಅವನು ಆಡದ ಮಾತನ್ನು ಅವನ ಹೆಸರಿನಲ್ಲಿ ನೀವು ಒಮ್ಮೆ ಆಡಿದರೆ, ಅವನು ನನ್ನ ಗೆಳೆಯನೇ ಆಗಿದ್ದ ಎಂದು ನಂಬುತ್ತೇನೆ. ನನಗೆ ಅದು ಬೇಕು ವೈನಿ.

ಅನಿಲಕುಮಾರ


ಇಂಡಿ
22 ಡಿಸೆಂಬರ್ 2024

ಅನಿಲಕುಮಾರ ಸರ್ ಅವರಿಗೆ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ನೆಪ ಹೇಳುವುದಿಲ್ಲ. ನಿಮ್ಮ ಕಾಗದ ಓದಿ ಮೊದಲು ಸಮಾಧಾನವಾಯಿತು, ಹೆಂಗಸಿನ ಸಮಾಧಾನ. ಅದು ಮರುದಿನದವರೆಗೂ ಉಳಿಯಲಿಲ್ಲ. ಬೇರೆ ಹೆಣ್ಣಿನ ಮನೆಯಾಗಿದ್ದರೆ ಅತ್ತು, ಬೈದು, ನಾಲ್ಕು ಜನರ ಮುಂದೆ ಹೇಳಿಕೊಂಡು ಮುಗಿಸುತ್ತಿದ್ದೆ. ಅಂಥದ್ದನ್ನು ನಮ್ಮ ಮನೆಯವರು ತಡೆದುಕೊಳ್ಳುತ್ತಾರೆ. ಇದನ್ನು ತಡೆದುಕೊಳ್ಳುವುದಿಲ್ಲ. ನಿಮ್ಮನ್ನು ಊಟಕ್ಕೆ ಕರೆಯುವ ಮಾತು ನಮ್ಮ ಮನೆಯಲ್ಲಿ ಒಮ್ಮೆಯೂ ಬರಲಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ಇದು.

ಹದಿನಾಲ್ಕನೆಯ ತಾರೀಖು ಶನಿವಾರವೇ ಬಂತು. ಬೆಳಿಗ್ಗೆ ತಾಮ್ರದ ತಂಬಿಗೆಗೆ ನೀರು ತುಂಬಿ ಹಂಚಿನ ಮೇಲೆ ಇಟ್ಟೆ. ಮಗುಚಿ ಹಾಕಿದಾಗ ಗೆರೆ ಮೂಡಿತು, ದುಂಡಗೆ, ಬೆಳ್ಳಗೆ. ಎಡೆಗೆ ಇಡುವ ಮೊದಲು ಎಂಜಲು ಮಾಡಬಾರದು. ಆದರೂ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡೆ. ನನ್ನದೇ ಉಪ್ಪಿನಕಾಯಿ. ಬೇರೊಬ್ಬರ ಮನೆಗೆ ಹೋಗಿ ಬಂದ ಹಾಗಿತ್ತು ಅದರ ರುಚಿ. ಅಲ್ಲೇ ಒಲೆಯ ಮುಂದೆ ಕೂತುಬಿಟ್ಟೆ.

ಎಡೆಗೆ ಇಟ್ಟೆ. ಮಠದ ಅಯ್ಯನವರು ಬಂದಿದ್ದರು, ನಮ್ಮ ದೊಡ್ಡಮಾವ ಗುರುಲಿಂಗಪ್ಪನವರು ಬಂದಿದ್ದರು. ಐಶ್ವರ್ಯಳನ್ನು ಕೇಳಿದ ಸಿಂದಗಿಯ ಬೀಗರೂ ಬಂದು ಕೂತಿದ್ದರು. ಪೂಜೆಯಾದ ಮೇಲೆ ಎಲ್ಲರಿಗೂ ಪ್ರಸಾದವೆಂದು ಹಂಚಿದರು. ದೊಡ್ಡಮಾವ ಎರಡನೆಯದಕ್ಕೆ ಕೈ ಚಾಚಿದರು. ಆಗ ಅತ್ತೆ ಎಲ್ಲರೆದುರು ಕೇಳಿದರು: "ಇದು ಎಲ್ಲಿದವಾ ಭುವನಾ? ಭಾಳ ಚಲೋ ಆಗೇತಿ."

ನಿಮ್ಮ ಹೆಸರು ನಾಲಿಗೆಯ ತುದಿಗೆ ಬಂದಿತ್ತು ಸರ್. ಸುವರ್ಣಾ ಅವರ ಹೆಸರೂ ಬಂದಿತ್ತು. ಫೋಟೋದ ಕಡೆ ನೋಡಿದೆ, ಬೀಗರ ಕಡೆ ನೋಡಿದೆ.

"ಬಾಗೇವಾಡಿ ಹೋಟೆಲ್‌ದು ರೀ ಅತ್ತಿ" ಎಂದೆ.

ನೀವು ಹೇಳಿ ಇಡಿ ಎಂದಿದ್ದಿರಿ, ಹೇಳಲಿಲ್ಲ. ಹೇಳದಿದ್ದರೆ ಇಡಬೇಡಿ ಎಂದಿದ್ದಿರಿ, ಇಟ್ಟೆ. ಬೀಗರು ಇಲ್ಲದಿದ್ದರೆ ಹೇಳುತ್ತಿದ್ದೆ ಎಂದು ಬರೆಯೋಣವೆಂದು ಪೆನ್ನು ಹಿಡಿದೆ. ಅದೂ ಸುಳ್ಳಾದೀತು ಎಂದು ಬಿಟ್ಟೆ. ಆ ಮಾತು ಬಾಯಿಂದ ಬಿದ್ದ ಕೂಡಲೇ ಅವರ ಮೇಲಿದ್ದ ಸಿಟ್ಟೆಲ್ಲ ಹೋಯಿತು. ಎಷ್ಟು ಸಲೀಸಾಗಿ ಬರುತ್ತದೆ ಅದು, ಹೋಟೆಲು ಎಂಬ ಮಾತು. ಅವರು ಯಾಕೆ ಹಾಗಂದರೆಂದು ಆಗ ತಿಳಿಯಿತು. ನೀವು ಓದಿದವರು, ನಮ್ಮ ಮನೆಗಳು ಹೇಗಿರುತ್ತವೆಂದು ನಿಮಗೆ ನಾನು ಹೇಳಬೇಕಿಲ್ಲ. ಅರ್ಥ ಮಾಡಿಕೊಳ್ಳುತ್ತೀರಿ ಎಂದು ನಂಬಿದ್ದೇನೆ.

ಅತ್ತೆ ಇದನ್ನು ಪ್ರತಿ ವರ್ಷ ಎಡೆಗೆ ಇಡಬೇಕು ಎಂದಿದ್ದಾರೆ.

ಸುವರ್ಣಾ ಅವರಿಗೆಂದು ಈ ವರ್ಷದ ಉಪ್ಪಿನಕಾಯಿಯ ಬಾಟಲಿ ಕಳಿಸಿದ್ದೇನೆ. ಪಾರ್ಸಲ್ ಕೊಟ್ಟು ಬಂದವನು ಮೈದುನ. ಅವನು ಕೇಳಬಾರದೆಂದು ಮೇಲೆ "ಸ್ಟಾಫ್ ರೂಮಿಗೆ" ಎಂದು ಬರೆದಿದ್ದೇನೆ, ತಪ್ಪು ತಿಳಿಯಬೇಡಿ. ಇನ್ನು ಮುಂದೆ ಪ್ರತಿ ವರ್ಷ ಕಳಿಸುತ್ತೇನೆ. ಐಶ್ವರ್ಯಳ ನಿಶ್ಚಯ ಫೆಬ್ರುವರಿಯಲ್ಲಿ.

ಭುವನೇಶ್ವರಿ


ಮುದ್ದೇಬಿಹಾಳ
4 ಜನವರಿ 2025, ಶನಿವಾರ

ಶ್ರೀಮತಿ ಭುವನೇಶ್ವರಿಯವರಿಗೆ,

ಜೈಭೀಮ್.

ಕಾಗದ ತಲುಪಿತು, ಪಾರ್ಸಲ್ಲೂ ತಲುಪಿತು. ಸ್ಟಾಫ್ ರೂಮಿಗೆ ಎಂದು ಬರೆದಿದ್ದರಿಂದ ಇಲ್ಲಿಯ ಮಾಸ್ತರರು ಬಿಚ್ಚಿ ಊಟಕ್ಕೆ ಹಚ್ಚಿಕೊಳ್ಳಲು ಹೊರಟಿದ್ದರು. ತಡೆದು ಮನೆಗೆ ಒಯ್ದೆ.

ಸುವರ್ಣಾಳಿಗೆ ಓದಿ ಹೇಳಿದೆ. "ಗೆರಿ ಮೂಡಿತಲ್ರಿ, ಅಣ್ಣಾರಿಗೆ ಮುಟ್ಟಿತಲ್ಲ, ಆತು ಬಿಡ್ರಿ" ಎಂದಳು. ಅವಳ ಮನಸ್ಸು ದೊಡ್ಡದು. ನನ್ನದು ಅಷ್ಟು ದೊಡ್ಡದಲ್ಲ, ಇನ್ನು ಅದನ್ನು ದೊಡ್ಡದು ಮಾಡಿಕೊಳ್ಳುವ ಇಷ್ಟವೂ ನನಗಿಲ್ಲ. ಅರ್ಥ ಮಾಡಿಕೊಳ್ಳುತ್ತೀರಿ ಎಂದು ಬರೆದಿದ್ದೀರಿ. ಅರ್ಥ ಮಾಡಿಕೊಳ್ಳುವ ಕೆಲಸ ಇಷ್ಟು ವರ್ಷ ನಮ್ಮ ಪಾಲಿಗೇ ಬಿದ್ದಿತ್ತು. ಮನೆ ರಿಪೇರಿಯನ್ನು ಅರ್ಥ ಮಾಡಿಕೊಂಡೆ, ಕಾಗದದ ಕಪ್ಪನ್ನು ಅರ್ಥ ಮಾಡಿಕೊಂಡೆ. ಈಗ ಸಾಕಾಗಿದೆ.

ಸಂಕ್ರಾಂತಿಗೆ ಯಂಕಂಚಿಗೆ ಹೋಗುತ್ತೇನೆ. ಅಪ್ಪನಿಗೆ ಅವನ ಮಾತೇ ಖರೆ ಆಯಿತೆಂದು ಹೇಳಬೇಕು. ಅವನು ನನ್ನನ್ನು ಹಂಗಿಸುವುದಿಲ್ಲ, ಅದೇ ಹೆಚ್ಚು ಕಷ್ಟ.

ನಿಮ್ಮ ಅತ್ತೆಯವರು ಅಥವಾ ಬೀಗರು ಯಾರಾದರೂ ಮತ್ತೆ ಕೇಳಿದರೆ, ಆ ಹೋಟೆಲು ಬಂದ್ ಆಯಿತೆಂದು ಹೇಳಿ. ಈ ಶನಿವಾರ ಸುವರ್ಣಾ ಬ್ರೆಡ್ಡು ತರಿಸಲಿಲ್ಲ. ತಂಬಿಗೆಯಲ್ಲಿ ಕುಡಿಯುವ ನೀರು ಮಾತ್ರ ಇದೆ.

ಐಶ್ವರ್ಯಳಿಗೆ ಒಳ್ಳೆಯದಾಗಲಿ.

ಉಪ್ಪಿನಕಾಯಿಯ ಬಾಟಲಿಯನ್ನು ಮುಚ್ಚಳ ತೆಗೆಯದೆ ಹಾಗೆಯೇ ವಾಪಸ್ಸು ಕಳಿಸಿದ್ದೇನೆ. ಹೋಟೆಲಿನವರು ಗಿರಾಕಿಗಳ ಮನೆಯಿಂದ ಉಪ್ಪಿನಕಾಯಿ ಇಸಗೊಳ್ಳುವುದಿಲ್ಲ.

ಅನಿಲಕುಮಾರ ಬಸಣ್ಣ ಯಂಕಂಚಿ